ತುತ್ತು, ಸುಣ್ಣ ಮತ್ತು ಸಮೀಕರಣ: ರಾಸಾಯನಿಕ ಸಮೀಕರಣ ಓದುವುದು, ಬರೆಯುವುದು ಹೇಗೆ?

ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’ ಅನ್ನುವ ಪಾಠ ಬರುವುದು ನಮ್ಮ ಕಡೆ ಸರಿಯಾಗಿ ಮಳೆ ಹಿಡಿಯುವ ಹೊತ್ತಿಗೆ. ಮಂಗಳೂರಿನಿಂದ ಸ್ವಲ್ಪ ಒಳಗೆ, ಬಂಟ್ವಾಳ, ಮೂಡುಬಿದಿರೆ ಕಡೆ ಹೋದರೆ ಅದೇ ಹೊತ್ತಿಗೆ ಅಡಿಕೆ ತೋಟಕ್ಕೆ ಮದ್ದು ಬಿಡುವ ಗಡಿಬಿಡಿ. ಅಂಗಳದಲ್ಲಿ ಅಪ್ಪ ಡ್ರಮ್ಮಿನಲ್ಲಿ ತುತ್ತು, ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು, ಕದಡುತ್ತಿರುತ್ತಾರೆ, ಒಳಗೆ ಮಗ ಸಮೀಕರಣ ಬಾಯಿಪಾಠ ಮಾಡುತ್ತಿರುತ್ತಾನೆ. ಎರಡೂ ಒಂದೇ ವಿಷಯ ಅಂತ ಇಬ್ಬರಿಗೂ ಯಾರೂ ಹೇಳಿರುವುದಿಲ್ಲ.

ಬಾಯಿಪಾಠದಿಂದ ಇದು ಬರುವುದಿಲ್ಲ ಮಾರಾಯ್ರೆ. ಹೆಚ್ಚಿನ ಮಕ್ಕಳು ಸಮೀಕರಣವನ್ನು ಗಣಿತದ ಲೆಕ್ಕ ಅಂದುಕೊಂಡಿರುತ್ತಾರೆ. ಎಡಗಡೆ ಎರಡು, ಬಲಗಡೆ ಎರಡು, ಸರಿಯಾಯಿತು, ಮುಂದಿನದು. ಆದರೆ ಸಮೀಕರಣ ಹೇಳುವುದು ನಡೆದ ಸಂಗತಿಯನ್ನು: ಇಂಥದ್ದು ಇಷ್ಟು ಹೋಯಿತು, ಇಂಥದ್ದು ಇಷ್ಟು ಬಂತು. ಸಂಗತಿ ಗೊತ್ತಿಲ್ಲದೆ ಲೆಕ್ಕ ಮಾತ್ರ ಕೂಡಿಸಿದರೆ ಎಂದೂ ನಡೆಯದ ಕ್ರಿಯೆಯನ್ನೂ ಚೆಂದಕ್ಕೆ ಸರಿದೂಗಿಸಿ ಬರೆದುಬಿಡಬಹುದು. ಅಂಥದ್ದೊಂದನ್ನು ಮುಂದೆ ತೋರಿಸುತ್ತೇನೆ. ಅದಕ್ಕೇ ಇಲ್ಲಿ ಮೊದಲು ಓದುವುದು, ಆಮೇಲೆ ಬರೆಯುವುದು, ಸರಿದೂಗಿಸುವುದು ಅದರ ನಂತರ.

ಒಂದು ಸೂಚನೆ. ಇಲ್ಲಿ ಸಂಕೇತಗಳನ್ನು ಕ್ಲಾಸಿನಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಒಂದು ಮೂಲವಸ್ತು ಮುಗಿದು ಇನ್ನೊಂದು ಶುರುವಾಗುವ ಕಡೆ ಚಿಕ್ಕ ಅಡ್ಡಗೆರೆ ಇದೆ, ಎಣಿಸುವುದಕ್ಕೆ ಸುಲಭವಾಗಲಿ ಅಂತ. ನೀರು ಅಂದರೆ ಎಚ್₂-ಓ. ನಿಮ್ಮ ನೋಟ್‌ಬುಕ್ಕಿನಲ್ಲಿ, ಪರೀಕ್ಷೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಈ ಗೆರೆ ಹಾಕಬಾರದು.

ಮೊದಲು ಸಂಕೇತ

ಈಗ ನಾವು ಬಳಸುವ ಅಕ್ಷರದ ಸಂಕೇತಗಳ ಪದ್ಧತಿ ಸ್ವೀಡನ್ನಿನ ಬರ್ಜೀಲಿಯಸ್ 1813ರ ಹೊತ್ತಿಗೆ ತಂದದ್ದು. ಹೆಚ್ಚಿನವು ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು: ಹೈಡ್ರೋಜನ್ ಎಚ್, ಆಕ್ಸಿಜನ್ ಓ, ಕಾರ್ಬನ್ ಸಿ, ನೈಟ್ರೋಜನ್ ಎನ್, ಗಂಧಕ ಎಸ್, ಕ್ಯಾಲ್ಸಿಯಂ ಸಿಎ, ಕ್ಲೋರಿನ್ ಸಿಎಲ್. ಕೆಲವು ಲ್ಯಾಟಿನ್ ಹೆಸರಿನಿಂದ ಬಂದವು, ಅವು ತಲೆಕೆಡಿಸುತ್ತವೆ: ಸೋಡಿಯಂ ಎನ್‌ಎ, ಪೊಟ್ಯಾಸಿಯಂ ಕೆ, ಕಬ್ಬಿಣ ಎಫ್‌ಇ, ತಾಮ್ರ ಸಿಯು, ಬೆಳ್ಳಿ ಎಜಿ, ಸೀಸ ಪಿಬಿ. ಇವಕ್ಕೆ ಉಪಾಯವಿಲ್ಲ, ನೆನಪಿಟ್ಟುಕೊಳ್ಳಲೇಬೇಕು. ಮೊದಲ ಇಪ್ಪತ್ತು ಮೂಲವಸ್ತು ಮತ್ತು ಈ ಆರೇಳು ಲೋಹ ಗೊತ್ತಿದ್ದರೆ ಪಿಯುಸಿ ಮೊದಲ ವರ್ಷದವರೆಗೆ ಹೆಚ್ಚಿನ ಕೆಲಸ ನಡೆಯುತ್ತದೆ.

ಎರಡು ಅಕ್ಷರದ ಸಂಕೇತದಲ್ಲಿ ಮೊದಲನೆಯದು ದೊಡ್ಡ ಅಕ್ಷರ, ಎರಡನೆಯದು ಚಿಕ್ಕ ಅಕ್ಷರ. ಇದು ಅಂದಕ್ಕೆ ಮಾಡಿದ ನಿಯಮವಲ್ಲ. ಸಿ ದೊಡ್ಡದು, ಓ ಚಿಕ್ಕದು ಬರೆದರೆ ಕೋಬಾಲ್ಟ್ ಅನ್ನುವ ಲೋಹ. ಎರಡನ್ನೂ ದೊಡ್ಡದಾಗಿ ಬರೆದರೆ ಕಾರ್ಬನ್ ಮಾನಾಕ್ಸೈಡ್, ವಿಷದ ಗಾಳಿ. ಗಡಿಬಿಡಿಯಲ್ಲಿ ಎಲ್ಲವನ್ನೂ ದೊಡ್ಡ ಅಕ್ಷರದಲ್ಲೇ ಬರೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಅಂಕಿ ಎಲ್ಲಿ ಕೂತಿದೆ ನೋಡಿ

ಮುಕ್ಕಾಲು ತಪ್ಪುಗಳು ಇಲ್ಲೇ ಆಗುವುದು. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

2ಎಚ್₂-ಓ ಅಂತ ಬರೆದಿದೆ ಅಂದುಕೊಳ್ಳಿ. ಮುಂದೆ ದೊಡ್ಡದಾಗಿ ಒಂದು 2 ಇದೆ, ಎಚ್ ಪಕ್ಕ ಕೆಳಗೆ ಚಿಕ್ಕದಾಗಿ ಇನ್ನೊಂದು 2 ಇದೆ. ಕೆಳಗಿನ ಚಿಕ್ಕ ಅಂಕಿ ಒಂದೇ ಅಣುವಿನ ಒಳಗಿನ ವಿಷಯ: ಒಂದು ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್ ಪರಮಾಣು, ಒಂದು ಆಕ್ಸಿಜನ್ ಪರಮಾಣು. ಒಂದು ಇದ್ದರೆ ಅಂಕಿ ಬರೆಯುವುದಿಲ್ಲ. ಮುಂದಿನ ದೊಡ್ಡ ಅಂಕಿ ಅಂಥ ಅಣುಗಳು ಎಷ್ಟು ಅಂತ ಹೇಳುತ್ತದೆ. ಅದು ಪೂರ್ತಿ ಸೂತ್ರಕ್ಕೆ ಗುಣಿಸುತ್ತದೆ. ಹಾಗಾಗಿ 2ಎಚ್₂-ಓ ಅಂದರೆ ಒಟ್ಟು ನಾಲ್ಕು ಹೈಡ್ರೋಜನ್, ಎರಡು ಆಕ್ಸಿಜನ್.

ಈಗ ಮುಖ್ಯ ಮಾತು. ಮುಂದಿನ ಅಂಕಿಯನ್ನು ನೀವು ಬೇಕಾದ ಹಾಗೆ ಬದಲಿಸಬಹುದು, ಕೆಳಗಿನ ಅಂಕಿಯನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ವಸ್ತುವೇ ಬೇರೆ. ಎಚ್₂-ಓ ಕುಡಿಯುವ ನೀರು, ಎಚ್₂-ಓ₂ ಹೈಡ್ರೋಜನ್ ಪೆರಾಕ್ಸೈಡ್, ಬಣ್ಣ ತೆಗೆಯಲು ಬಳಸುವಂಥದ್ದು. ಒಂದು ಆಕ್ಸಿಜನ್ ಕಡಿಮೆ ಬಿತ್ತು ಅಂತ ನೀರಿನ ಕೆಳಗೆ ಸುಮ್ನೆ ಒಂದು 2 ಸೇರಿಸುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಲೆಕ್ಕ ಕೂಡಿಬರುತ್ತದೆ, ನೀರಿನ ಜಾಗದಲ್ಲಿ ಮಾತ್ರ ಬೇರೆಯೇ ಒಂದು ವಸ್ತು ಬಂದು ಕೂತಿರುತ್ತದೆ.

ಕಂಸ ಇದ್ದರೆ? ನೀರು ಹಾಕಿ ಅರಳಿಸಿದ ಸುಣ್ಣ ಸಿಎ(ಓ-ಎಚ್)₂. ಕಂಸದ ಹೊರಗಿನ 2 ಒಳಗಿನ ಎರಡಕ್ಕೂ ಸೇರುತ್ತದೆ. ಕ್ಯಾಲ್ಸಿಯಂ ಒಂದು, ಆಕ್ಸಿಜನ್ ಎರಡು, ಹೈಡ್ರೋಜನ್ ಎರಡು. ಇದರ ಮುಂದೆ 3 ಬಂದರೆ ಮೂರು ಕ್ಯಾಲ್ಸಿಯಂ, ಆರು ಆಕ್ಸಿಜನ್, ಆರು ಹೈಡ್ರೋಜನ್. ನಾಲ್ಕೈದು ಸಲ ಬೆರಳು ಮಡಚಿ ಎಣಿಸಿದರೆ ಕೈ ಕೂರುತ್ತದೆ.

ಒಂದನ್ನು ಪೂರ್ತಿ ಓದೋಣ

ಕರಾವಳಿಯಲ್ಲಿ ಸುಣ್ಣ ಬಂದದ್ದು ಹೆಚ್ಚಾಗಿ ಹೊಳೆಯಿಂದ. ಮರುವಾಯಿ (ಹೊಳೆಯ ಚಿಪ್ಪುಮೀನು) ತಿಂದು ಉಳಿದ ಚಿಪ್ಪು ಇದೆಯಲ್ಲ, ಅದನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವು ಕೊಟ್ಟರೆ ಹೀಗಾಗುತ್ತದೆ:

ಸಿಎ-ಸಿ-ಓ₃ → ಸಿಎ-ಓ + ಸಿ-ಓ₂

ಬಾಣದ ಎಡಗಡೆ ಇರುವುದು ಪ್ರತಿವರ್ತಕ, ಅಂದರೆ ಶುರುವಿಗೆ ಇದ್ದದ್ದು. ಬಲಗಡೆ ಉತ್ಪನ್ನ, ಕೊನೆಗೆ ಸಿಕ್ಕಿದ್ದು. ಬಾಣವನ್ನು ‘ಆಗುತ್ತದೆ’ ಅಂತ ಓದಿ. ಎಡಗಡೆಯ ಕೂಡು ಚಿಹ್ನೆಯನ್ನು ‘ಜೊತೆ ಸೇರಿ’ ಅಂತ, ಬಲಗಡೆಯದ್ದನ್ನು ‘ಮತ್ತು’ ಅಂತ ಓದಿ. ಜೋರಾಗಿ ಓದಿದರೆ: ಕ್ಯಾಲ್ಸಿಯಂ ಕಾರ್ಬೋನೇಟ್ ಒಡೆದು ಕ್ಯಾಲ್ಸಿಯಂ ಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಇಲ್ಲಿ ಕಾವು ಬೇಕೇ ಬೇಕು, ಅದನ್ನು ಬಾಣದ ಮೇಲೆ ಬರೆಯುತ್ತಾರೆ. ಚಿಪ್ಪು ಘನ, ಸುಟ್ಟ ಸುಣ್ಣ ಘನ, ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುವ ಅನಿಲ. ಪುಸ್ತಕದಲ್ಲಿ ಇದನ್ನು ಸೂತ್ರದ ಪಕ್ಕ ಕಂಸದಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿರುತ್ತಾರೆ: ಘನಕ್ಕೆ ಎಸ್, ದ್ರವಕ್ಕೆ ಎಲ್, ಅನಿಲಕ್ಕೆ ಜಿ, ನೀರಿನಲ್ಲಿ ಕರಗಿದ್ದಕ್ಕೆ ಎಕ್ಯೂ. ಮಕ್ಕಳು ಇದನ್ನು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದನ್ನು ಬರೆಯುವವರಿಗೇ ಸಮೀಕರಣ ಬೇಗ ಅರ್ಥವಾಗುವುದು, ಯಾಕೆಂದರೆ ಬರೆಯುವಾಗ ಆ ವಸ್ತುವನ್ನು ಮನಸ್ಸಿನಲ್ಲಿ ಒಮ್ಮೆ ನೋಡಲೇಬೇಕಾಗುತ್ತದೆ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುವ ಹಾಗೆ ಬಿಸಿಯಾಗಿ ಅರಳುತ್ತದೆ:

ಸಿಎ-ಓ + ಎಚ್₂-ಓ → ಸಿಎ(ಓ-ಎಚ್)₂ + ಕಾವು

ಅದನ್ನು ಗೋಡೆಗೆ ಬಳಿದರೆ ದಿನ ಕಳೆದ ಹಾಗೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಗಟ್ಟಿಯಾಗುತ್ತದೆ:

ಸಿಎ(ಓ-ಎಚ್)₂ + ಸಿ-ಓ₂ → ಸಿಎ-ಸಿ-ಓ₃ + ಎಚ್₂-ಓ

ಬಲಗಡೆ ಮೊದಲು ಇರುವುದನ್ನು ಗಮನಿಸಿ. ಶುರುವಿನ ಚಿಪ್ಪೇ ವಾಪಸ್ ಬಂತು! ಸುಣ್ಣ ಬಳಿದ ಗೋಡೆಯ ಮೇಲೆ ತೆಳ್ಳಗೆ ಮರುವಾಯಿ ಚಿಪ್ಪು ಹಚ್ಚಿದ ಲೆಕ್ಕವೇ. ಮೂರು ಸಮೀಕರಣಗಳನ್ನು ಒಂದರ ಕೆಳಗೆ ಒಂದು ಇಟ್ಟು ಓದಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ. ಎಡ ಬಲ ಅಂಕಿ ಹೊಂದಿಸುತ್ತಾ ಕೂತರೆ ಕಾಣುವುದೇ ಇಲ್ಲ.

ಬರೆಯುವುದು: ಹೆಸರಿನಿಂದ ಸೂತ್ರಕ್ಕೆ

ಬರೆಯಲು ಕೂತಾಗ ಮೊದಲ ಹೆಜ್ಜೆ ಕನ್ನಡದಲ್ಲೇ ಒಂದು ಸಾಲು. ‘ತುತ್ತಿನ ನೀರು, ಸುಣ್ಣದ ನೀರಿನ ಜೊತೆ ಸೇರಿ ತಾಮ್ರದ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ.’ ಅಷ್ಟೇ. ಯಾವುದು ಹೋಯಿತು, ಯಾವುದು ಬಂತು ಅಂತ ಖಚಿತವಾಗಿ ಗೊತ್ತಿಲ್ಲದೆ ಮುಂದೆ ಹೋಗಬೇಡಿ.

ಎರಡನೇ ಹೆಜ್ಜೆ, ಪ್ರತಿ ಹೆಸರಿಗೂ ಸರಿಯಾದ ಸೂತ್ರ. ಇದಕ್ಕೆ ಸಂಯೋಗ ಸಾಮರ್ಥ್ಯ ಅಂದರೆ ವೇಲೆನ್ಸಿ ಗೊತ್ತಿರಬೇಕು. ಸೋಡಿಯಂ, ಪೊಟ್ಯಾಸಿಯಂ, ಹೈಡ್ರೋಜನ್, ಕ್ಲೋರಿನ್ ಇವಕ್ಕೆ 1. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ಆಕ್ಸಿಜನ್ ಇವಕ್ಕೆ 2. ಅಲ್ಯೂಮಿನಿಯಂಗೆ 3. ತಾಮ್ರ 1 ಅಥವಾ 2, ಕಬ್ಬಿಣ 2 ಅಥವಾ 3. ಒಟ್ಟಿಗೇ ಇರುವ ಪರಮಾಣುಗಳ ಗುಂಪುಗಳಲ್ಲಿ ಹೈಡ್ರಾಕ್ಸೈಡ್, ನೈಟ್ರೇಟ್, ಬೈಕಾರ್ಬೋನೇಟ್ 1, ಸಲ್ಫೇಟ್ ಮತ್ತು ಕಾರ್ಬೋನೇಟ್ 2, ಫಾಸ್ಫೇಟ್ 3.

ಒಂದರ ವೇಲೆನ್ಸಿಯನ್ನು ಇನ್ನೊಂದರ ಕೆಳಗೆ ಅಡ್ಡಡ್ಡ ಬರೆಯಿರಿ. ಅಲ್ಯೂಮಿನಿಯಂ 3, ಸಲ್ಫೇಟ್ 2: ಎಎಲ್₂(ಎಸ್-ಓ₄)₃. ಕ್ಯಾಲ್ಸಿಯಂ 2, ಹೈಡ್ರಾಕ್ಸೈಡ್ 1: ಸಿಎ(ಓ-ಎಚ್)₂. ಎರಡೂ ಸಮ ಇದ್ದರೆ ಹೊಡೆದುಹೋಗುತ್ತದೆ: ಕ್ಯಾಲ್ಸಿಯಂ 2, ಆಕ್ಸಿಜನ್ 2, ಹಾಗಾಗಿ ಬರೀ ಸಿಎ-ಓ. ಗುಂಪು ಒಂದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಕಂಸ.

ಒಂಟಿಯಾಗಿ ಇರದ ಗಾಳಿಗಳನ್ನು ಮರೆಯಬೇಡಿ. ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಕ್ಲೋರಿನ್ ಬಿಡಿಯಾಗಿರುವಾಗ ಜೋಡಿಯಾಗಿಯೇ ಇರುತ್ತವೆ: ಎಚ್₂, ಓ₂, ಎನ್₂, ಸಿಎಲ್₂. ಬ್ರೋಮಿನ್, ಅಯೋಡಿನ್, ಫ್ಲೋರಿನ್ ಕೂಡ ಹಾಗೇ. ಲೋಹಗಳಿಗೆ ಅಂಕಿ ಬೇಡ.

ಸರಿದೂಗಿಸುವುದು

ಯಾಕೆ ಸರಿದೂಗಿಸಬೇಕು ಅನ್ನುವುದಕ್ಕೆ ಉತ್ತರ ಫ್ರಾನ್ಸಿನ ಲಾವೋಸಿಯೆ ಕೊಟ್ಟದ್ದು. 1789ರಲ್ಲಿ ಬಂದ ತನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಅವನು ಕ್ರಿಯೆಗೆ ಮೊದಲು ಎಷ್ಟು ದ್ರವ್ಯ ಇತ್ತೋ ಆಮೇಲೂ ಅಷ್ಟೇ ಇರುತ್ತದೆ ಅಂತ ಸ್ಪಷ್ಟವಾಗಿ ಬರೆದ. ಪರಮಾಣು ಮಾಯವಾಗುವುದಿಲ್ಲ, ಹೊಸದಾಗಿ ಹುಟ್ಟುವುದೂ ಇಲ್ಲ, ಜೊತೆಗಾರರನ್ನು ಬದಲಿಸುತ್ತದೆ ಅಷ್ಟೇ.

ಅಡುಗೆ ಗ್ಯಾಸ್ ಉರಿಯುವುದನ್ನು ತೆಗೆದುಕೊಳ್ಳೋಣ. ಸಿಲಿಂಡರಿನಲ್ಲಿ ಇರುವುದು ಮುಖ್ಯವಾಗಿ ಬ್ಯೂಟೇನ್ ಮತ್ತು ಪ್ರೊಪೇನ್. ಬ್ಯೂಟೇನಿನ ಸೂತ್ರ ಸಿ₄-ಎಚ್₁₀. ಚೆನ್ನಾಗಿ ಉರಿದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಬರುತ್ತವೆ.

ಸಿ₄-ಎಚ್₁₀ + ಓ₂ → ಸಿ-ಓ₂ + ಎಚ್₂-ಓ

ಯಾವುದನ್ನು ಮೊದಲು ಹಿಡಿಯಬೇಕು? ಕ್ರಮ ಹೀಗೆ ಇಟ್ಟುಕೊಳ್ಳಿ: ಎರಡೂ ಬದಿಯಲ್ಲಿ ಒಂದೊಂದೇ ಸೂತ್ರದಲ್ಲಿ ಕಾಣುವ ಮೂಲವಸ್ತು ಮೊದಲು, ಬಿಡಿಯಾಗಿ ಇರುವುದು ಕಟ್ಟಕಡೆಗೆ. ಇಲ್ಲಿ ಆಕ್ಸಿಜನ್ ಬಿಡಿಯಾಗಿದೆ, ಬಲಗಡೆ ಎರಡು ಕಡೆ ಹಂಚಿಹೋಗಿದೆ ಕೂಡ. ಅದನ್ನು ಮೊದಲೇ ಹಿಡಿದರೆ ಅರ್ಧ ಗಂಟೆ ಅಳಿಸುತ್ತಾ ಕೂರಬೇಕಾಗುತ್ತದೆ.

ಕಾರ್ಬನ್ ಎಡಗಡೆ 4, ಹಾಗಾಗಿ ಬಲಗಡೆ 4ಸಿ-ಓ₂. ಹೈಡ್ರೋಜನ್ ಎಡಗಡೆ 10, ಒಂದು ನೀರಿನಲ್ಲಿ 2, ಹಾಗಾಗಿ 5ಎಚ್₂-ಓ. ಈಗ ಬಲಗಡೆ ಆಕ್ಸಿಜನ್ ಎಣಿಸಿ: ನಾಲ್ಕೆರಡಲ ಎಂಟು, ಜೊತೆಗೆ ಐದು, ಒಟ್ಟು 13. ಎಡಗಡೆ ಓ₂ ಎರಡೆರಡಾಗಿ ಮಾತ್ರ ಬರುತ್ತದೆ, 13 ಬೆಸ ಸಂಖ್ಯೆ. ಇಲ್ಲಿ ಮಕ್ಕಳು ಗಾಬರಿಯಾಗುತ್ತಾರೆ, ಓ₁₃ ಅಂತ ಬರೆಯುವವರೂ ಇದ್ದಾರೆ. ಗಾಬರಿ ಬೇಡ. ಧೈರ್ಯವಾಗಿ ಆರೂವರೆ ಓ₂ ಅಂತ ಬರೆಯಿರಿ, ಆಮೇಲೆ ಇಡೀ ಸಾಲನ್ನು ಎರಡರಿಂದ ಗುಣಿಸಿ:

2ಸಿ₄-ಎಚ್₁₀ + 13ಓ₂ → 8ಸಿ-ಓ₂ + 10ಎಚ್₂-ಓ

ಕೊನೆಗೆ ಒಮ್ಮೆ ಮೊದಲಿನಿಂದ ಎಣಿಸಿ. ಕಾರ್ಬನ್ 8, 8. ಹೈಡ್ರೋಜನ್ 20, 20. ಆಕ್ಸಿಜನ್ 26, ಬಲಗಡೆ 16 ಮತ್ತು 10 ಸೇರಿ 26. ಈ ಕೊನೆಯ ಎಣಿಕೆಗೆ ಅರ್ಧ ನಿಮಿಷ ಸಾಕು. ಅದನ್ನು ಬಿಟ್ಟು ಅಂಕ ಕಳೆದುಕೊಳ್ಳುವುದು ದಂಡ.

ಇನ್ನೊಂದು ಉಪಾಯ. ಸಲ್ಫೇಟ್, ಫಾಸ್ಫೇಟ್ ಥರದ ಗುಂಪು ಎರಡೂ ಬದಿಯಲ್ಲಿ ಒಡೆಯದೆ ಹಾಗೇ ಇದ್ದರೆ ಅದನ್ನು ಬಿಡಿಸಬೇಡಿ, ಗುಂಪನ್ನೇ ಒಂದು ಅಂತ ಎಣಿಸಿ.

3ಸಿಎ(ಓ-ಎಚ್)₂ + 2ಎಚ್₃-ಪಿ-ಓ₄ → ಸಿಎ₃(ಪಿ-ಓ₄)₂ + 6ಎಚ್₂-ಓ

ಕ್ಯಾಲ್ಸಿಯಂ 3 ಬೇಕು, ಫಾಸ್ಫೇಟ್ 2 ಬೇಕು, ಎರಡೂ ಬಲಗಡೆಯ ಸೂತ್ರದಲ್ಲೇ ಬರೆದಿದೆ. ಉಳಿದದ್ದು ನೀರು ಮಾತ್ರ.

ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಎಂಸಿಎಫ್ ಗೊತ್ತಲ್ಲ? ಯೂರಿಯಾದ ಹಿಂದೆ ಇರುವುದು ಎರಡೇ ಸಾಲು:

ಎನ್₂ + 3ಎಚ್₂ ⇌ 2ಎನ್-ಎಚ್₃
2ಎನ್-ಎಚ್₃ + ಸಿ-ಓ₂ → ಸಿ-ಓ(ಎನ್-ಎಚ್₂)₂ + ಎಚ್₂-ಓ

ಮೊದಲ ಸಾಲಿನ ಬಾಣ ಎರಡೂ ಕಡೆಗೆ ಇದೆ. ಅಂದರೆ ಅಮೋನಿಯಾ ಆಗುತ್ತಲೂ ಇರುತ್ತದೆ, ಒಡೆಯುತ್ತಲೂ ಇರುತ್ತದೆ. ಅದಕ್ಕೇ ಜಾಸ್ತಿ ಒತ್ತಡ ಹಾಕಿ, ಕಬ್ಬಿಣದ ವೇಗವರ್ಧಕ ಇಟ್ಟು, ಬಂದ ಅಮೋನಿಯಾವನ್ನು ಆಗಾಗ ಹೊರಗೆ ತೆಗೆಯಬೇಕಾಗುತ್ತದೆ.

ಸರಿದೂಗಿದ್ದೆಲ್ಲ ನಿಜವಲ್ಲ

ಈಗ ಅಡಿಕೆ ತೋಟಕ್ಕೆ ಬರೋಣ. ಕೊಳೆರೋಗಕ್ಕೆ, ನಮ್ಮ ಕಡೆಯ ಮಾತಿನಲ್ಲಿ ಮಹಾಳಿಗೆ, ಬಿಡುವ ಬೋರ್ಡೋ ದ್ರಾವಣ ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟಗಳಿಂದ ಬಂದದ್ದು. 1885ರಲ್ಲಿ ಮಿಲಾರ್ಡೆ ಅದನ್ನು ಪ್ರಕಟಿಸಿದ. ಶೇಕಡಾ ಒಂದರ ದ್ರಾವಣಕ್ಕೆ 1 ಕೆಜಿ ತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ತಿರುಗಿಸುತ್ತಾರೆ. ಪಾತ್ರೆ ಪ್ಲಾಸ್ಟಿಕ್ಕಿನದ್ದಾದರೆ ಒಳ್ಳೆಯದು, ಕಬ್ಬಿಣದ ಬಕೆಟ್ ಆಗುವುದಿಲ್ಲ. ಯಾಕೆ ಅನ್ನುವುದು ಈಗ ಗೊತ್ತಾಗುತ್ತದೆ.

ನಡೆಯುವ ಕ್ರಿಯೆಯನ್ನು ಸರಳವಾಗಿ ಬರೆದರೆ:

ಸಿಯು-ಎಸ್-ಓ₄ + ಸಿಎ(ಓ-ಎಚ್)₂ → ಸಿಯು(ಓ-ಎಚ್)₂ + ಸಿಎ-ಎಸ್-ಓ₄

ಜೊತೆಗಾರರು ಅದಲುಬದಲಾದರು. ಇದಕ್ಕೆ ದ್ವಿಸ್ಥಾನಪಲ್ಲಟ ಅನ್ನುತ್ತಾರೆ. ನಿಜವಾಗಿ ಬರುವ ಆಕಾಶನೀಲಿ ಮೊಸರಿನಂಥ ಪ್ರಕ್ಷೇಪ ಇಷ್ಟು ಸರಳವಲ್ಲ, ಅದರಲ್ಲಿ ಸಲ್ಫೇಟ್ ಕೂಡ ಸೇರಿಕೊಂಡ ತಾಮ್ರದ ಸಂಯುಕ್ತಗಳಿರುತ್ತವೆ. ಆದರೆ ಹತ್ತನೇ ಕ್ಲಾಸಿಗೆ ಈ ಸಾಲು ಸಾಕು.

ಮದ್ದು ಸರಿಯಾಗಿದೆಯಾ ಅಂತ ನೋಡುವುದು ಹೇಗೆ? ಅನುಭವ ಇದ್ದವರು ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ತೆಗೆದು ನೋಡುವಾಗ ಬೆಳ್ಳಗಿದ್ದ ಅಂಚಿನಲ್ಲಿ ಕೆಂಪು ಬಣ್ಣ ಹತ್ತಿದ್ದರೆ ಇನ್ನೂ ಸುಣ್ಣ ಬೇಕು. ಸುಣ್ಣದ ನೀರು ಸೇರಿಸಿ, ತಿರುಗಿಸಿ, ಅಲಗು ಒರೆಸಿ ಮತ್ತೆ ಅದ್ದುತ್ತಾರೆ. ಕೆಂಪು ಹತ್ತುವುದು ನಿಂತ ಮೇಲೆಯೇ ಮದ್ದು ಬಿಡುವ ಉದ್ದ ಕೋಲು, ದೋಟಿ, ಎತ್ತುವುದು. ಆ ಕೆಂಪು ಬೇರೇನಲ್ಲ, ತಾಮ್ರ:

ಎಫ್‌ಇ + ಸಿಯು-ಎಸ್-ಓ₄ → ಎಫ್‌ಇ-ಎಸ್-ಓ₄ + ಸಿಯು

ಸುಣ್ಣದ ಜೊತೆ ಸೇರದೆ ಉಳಿದ ತುತ್ತು ಕತ್ತಿಯ ಕಬ್ಬಿಣವನ್ನು ಕರಗಿಸಿ ತಾಮ್ರವನ್ನು ಅದರ ಮೇಲೆ ಬಿಟ್ಟಿತು. ಹಾಗೆ ಉಳಿದ ತುತ್ತು ಎಳೆ ಹಿಂಗಾರವನ್ನೂ (ಅಡಿಕೆಯ ಹೂಗೊಂಚಲು) ಸುಡುತ್ತದೆ, ಕಬ್ಬಿಣದ ಬಕೆಟನ್ನೂ ತಿನ್ನುತ್ತದೆ. ಶಾಲೆಯ ಲ್ಯಾಬಿನಲ್ಲಿ ಮೊಳೆಯನ್ನು ನೀಲಿ ನೀರಿನಲ್ಲಿ ಇಟ್ಟು ತೋರಿಸುವ ಪ್ರಯೋಗ ಇದೇ.

ಈಗ ಶುರುವಿನಲ್ಲಿ ಹೇಳಿದ ಸುಳ್ಳು ಸಮೀಕರಣ:

ಸಿಯು + ಎಫ್‌ಇ-ಎಸ್-ಓ₄ → ಸಿಯು-ಎಸ್-ಓ₄ + ಎಫ್‌ಇ

ಎಣಿಸಿ ನೋಡಿ. ತಾಮ್ರ ಒಂದು, ಒಂದು. ಕಬ್ಬಿಣ ಒಂದು, ಒಂದು. ಗಂಧಕ, ಆಕ್ಸಿಜನ್ ಎಲ್ಲ ಸರಿ. ಎಲ್ಲೂ ತಪ್ಪಿಲ್ಲ ಅಲ್ವಾ? ಆದರೆ ತಾಮ್ರದ ತಂತಿಯನ್ನು ಕಬ್ಬಿಣದ ಸಲ್ಫೇಟಿನ ನೀರಿನಲ್ಲಿ ಅದ್ದಿದರೆ ಏನೂ ಆಗುವುದಿಲ್ಲ, ನಾಳೆ ಬೆಳಿಗ್ಗೆ ತೆಗೆದರೂ ತಂತಿ ಹಾಗೇ ಇರುತ್ತದೆ. ಕಬ್ಬಿಣ ತಾಮ್ರಕ್ಕಿಂತ ಚುರುಕು, ತಾಮ್ರ ಅದನ್ನು ಹೊರಗೆ ತಳ್ಳಲಾರದು. ಯಾವುದು ಯಾವುದನ್ನು ತಳ್ಳುತ್ತದೆ ಅನ್ನುವುದನ್ನು ಕ್ರಿಯಾಶೀಲತೆಯ ಸರಣಿ ಹೇಳುತ್ತದೆ: ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ಹೈಡ್ರೋಜನ್, ತಾಮ್ರ, ಪಾದರಸ, ಬೆಳ್ಳಿ, ಚಿನ್ನ. ಮೇಲಿನದ್ದು ಕೆಳಗಿನದ್ದನ್ನು ತಳ್ಳುತ್ತದೆ, ಕೆಳಗಿನದ್ದು ಮೇಲಿನದ್ದನ್ನು ತಳ್ಳುವುದಿಲ್ಲ. ಕಾಗದದ ಮೇಲೆ ಎಣಿಸಿ ಇದನ್ನು ಕಂಡುಹಿಡಿಯಲು ಸಾಧ್ಯವೇ ಇಲ್ಲ.

ಅದೇ ರೀತಿ ಕ್ರಿಯೆ ಎಷ್ಟು ಬೇಗ ಆಗುತ್ತದೆ ಅಂತಲೂ ಸಮೀಕರಣ ಹೇಳುವುದಿಲ್ಲ. ಗೇಟು, ಕಿಟಕಿಯ ಸರಳು ಉಪ್ಪುಗಾಳಿಗೆ ತುಕ್ಕು ಹಿಡಿಯುವುದಕ್ಕೆ ಪುಸ್ತಕದಲ್ಲಿ 4ಎಫ್‌ಇ + 3ಓ₂ → 2ಎಫ್‌ಇ₂-ಓ₃ ಅಂತ ಸರಳ ಮಾಡಿ ಬರೆಯುತ್ತಾರೆ, ನಿಜವಾದ ತುಕ್ಕಿನಲ್ಲಿ ನೀರೂ ಸೇರಿರುತ್ತದೆ. ಮಲ್ಪೆಯ ಕಡಲಿನ ಪಕ್ಕ ಅದು ಬೇಗ, ಘಟ್ಟದ ಮೇಲೆ ನಿಧಾನ. ಸಾಲು ಮಾತ್ರ ಎರಡೂ ಕಡೆ ಒಂದೇ.

ಮುಂದಿನ ಅಂಕಿಯಿಂದ ತೂಕಕ್ಕೆ

ಅಣುಗಳನ್ನು ಒಂದೊಂದಾಗಿ ಎಣಿಸುವುದು ಆಗದ ಮಾತು. ಉಡುಪಿ ಮಲ್ಲಿಗೆಯನ್ನು ಯಾರಾದರೂ ಒಂದೊಂದೇ ಹೂವಿನ ಲೆಕ್ಕದಲ್ಲಿ ಮಾರುತ್ತಾರಾ? 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ರಸಾಯನಶಾಸ್ತ್ರದ ಚೆಂಡಿನ ಹೆಸರು ಮೋಲ್, ಅದರಲ್ಲಿ ಇರುವುದು 6.022 × 10²³ ಕಣ. ಅನುಕೂಲ ಏನೆಂದರೆ, ಪರಮಾಣು ರಾಶಿಗಳನ್ನು ಕೂಡಿಸಿ ಬಂದ ಸಂಖ್ಯೆಯನ್ನು ಗ್ರಾಂನಲ್ಲಿ ತೂಗಿದರೆ ಅಷ್ಟು ಕಣ ಸಿಕ್ಕಿತು ಅಂತ ಅರ್ಥ. ನೀರಿಗೆ 18 ಗ್ರಾಂ, ಕ್ಯಾಲ್ಸಿಯಂ ಕಾರ್ಬೋನೇಟಿಗೆ 100, ಸುಟ್ಟ ಸುಣ್ಣಕ್ಕೆ 56, ಕಾರ್ಬನ್ ಡೈಆಕ್ಸೈಡಿಗೆ 44.

ಹಾಗಾದರೆ 100 ಕೆಜಿ ಶುದ್ಧ ಚಿಪ್ಪು ಸುಟ್ಟರೆ ಸಿಗುವ ಸುಣ್ಣ ಹೆಚ್ಚೆಂದರೆ 56 ಕೆಜಿ. ಉಳಿದ 44 ಕೆಜಿ ಕಣ್ಣಿಗೆ ಕಾಣದೆ ಗಾಳಿಗೆ ಹೋಯಿತು.

ಸಿಲಿಂಡರಿನ ಲೆಕ್ಕ ಇನ್ನೂ ತಮಾಷೆ. ಮನೆಯ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್. ಎಲ್ಲವೂ ಬ್ಯೂಟೇನ್ ಅಂತ ಇಟ್ಟುಕೊಂಡರೆ, ಒಂದು ಮೋಲ್ 58 ಗ್ರಾಂ, ಹಾಗಾಗಿ ಸುಮಾರು 245 ಮೋಲ್. 2 ಬ್ಯೂಟೇನಿಗೆ 8 ಕಾರ್ಬನ್ ಡೈಆಕ್ಸೈಡ್, ಅಂದರೆ ಒಂದಕ್ಕೆ ನಾಲ್ಕು, 980 ಮೋಲ್. 44ರಿಂದ ಗುಣಿಸಿದರೆ ಸುಮಾರು 43 ಕೆಜಿ! ಜೊತೆಗೆ 22 ಕೆಜಿ ನೀರಿನ ಆವಿ. 14 ಕೆಜಿ ಹಾಕಿ 65 ಕೆಜಿ ಬಂತಾ ಅಂತ ಕೇಳುವವರು ಎಡಗಡೆಯ 13ಓ₂ವನ್ನು ಓದಿಲ್ಲ. ಅಡುಗೆಮನೆಯ ಗಾಳಿಯಿಂದ ಸುಮಾರು 51 ಕೆಜಿ ಆಕ್ಸಿಜನ್ ಸೇರಿದೆ. ಕಿಟಕಿ ತೆರೆದಿಡಿ ಅಂತ ಹೇಳುವುದು ಸುಮ್ನೆ ಅಲ್ಲ.

ತುತ್ತಿಗೂ ಹೀಗೇ ಮಾಡಿ. ಅಂಗಡಿಯ ನೀಲಿ ಹರಳಿನಲ್ಲಿ ನೀರೂ ಸೇರಿರುತ್ತದೆ, ಒಂದು ಸಿಯು-ಎಸ್-ಓ₄ಗೆ ಐದು ನೀರಿನ ಅಣು, ಒಟ್ಟು 249.5. ಅರಳಿದ ಸುಣ್ಣ 74. ಒಂದಕ್ಕೆ ಒಂದು. ಅಂದರೆ 1 ಕೆಜಿ ತುತ್ತಿಗೆ ಸುಮಾರು 300 ಗ್ರಾಂ ಶುದ್ಧ ಸುಣ್ಣ ಸಾಕು ಅಂತ ಸಾಲು ಹೇಳುತ್ತದೆ. ಹಾಗಾದರೆ ತೋಟದಲ್ಲಿ ಒಂದು ಕೆಜಿ ಯಾಕೆ? ಸಿಗುವ ಸುಣ್ಣ ಶುದ್ಧವಿರುವುದಿಲ್ಲ, ಗಾಳಿಗೆ ಬಿದ್ದ ಸುಣ್ಣದ ಒಂದು ಭಾಗ ಆಗಲೇ ಗೋಡೆಯ ಸುಣ್ಣದ ಹಾಗೆ ಕಾರ್ಬೋನೇಟ್ ಆಗಿರುತ್ತದೆ, ಮತ್ತೆ ಬಿಡಿ ತುತ್ತು ಒಂದಿಷ್ಟೂ ಉಳಿಯದಿರಲಿ ಅಂತ ಸುಣ್ಣ ಜಾಸ್ತಿಯೇ ಹಾಕುತ್ತಾರೆ. ಈ ಲೆಕ್ಕ ನೋಡಿ ಸುಣ್ಣ ಕಡಿಮೆ ಮಾಡಬೇಡಿ ಮತ್ತೆ, ಕತ್ತಿ ಹೇಳಿದ ಹಾಗೆ ಕೇಳಿ.

ಕೈ ಪಳಗಿಸಲು

ಮೊದಲು ಉತ್ತರದ ಅಂಕಿಗಳನ್ನು ಕಾಗದದಿಂದ ಮುಚ್ಚಿ ನೀವೇ ಮಾಡಿ, ಆಮೇಲೆ ನೋಡಿ.

ಪಣಂಬೂರಿನಲ್ಲಿ ಕುದುರೆಮುಖದ ಅದಿರಿನಿಂದ ಉಂಡೆ ಮಾಡುತ್ತಿದ್ದಾಗ ಕಾವಿಗೆ ಮ್ಯಾಗ್ನೆಟೈಟ್ ಗಾಳಿಯ ಆಕ್ಸಿಜನ್ ಸೇರಿಸಿಕೊಂಡು ಹೆಮಟೈಟ್ ಆಗುತ್ತಿತ್ತು. ಎಫ್‌ಇ₃-ಓ₄ + ಓ₂ → ಎಫ್‌ಇ₂-ಓ₃. ಕಬ್ಬಿಣ 3 ಮತ್ತು 2, ಹಾಗಾಗಿ ಮೊದಲು 2 ಮತ್ತು 3 ಹಾಕಿ. ಆಕ್ಸಿಜನ್ 8 ಮತ್ತು 9, ಒಂದೇ ಒಂದು ಕಡಿಮೆ, ಅಂದರೆ ಅರ್ಧ ಓ₂. ಎಲ್ಲವನ್ನೂ ಎರಡರಿಂದ ಗುಣಿಸಿದರೆ 4, 1, 6.

ಮೆಗ್ನೀಸಿಯಂ ಪಟ್ಟಿ ಉರಿಯುವುದು: 2ಎಂಜಿ + ಓ₂ → 2ಎಂಜಿ-ಓ. ಇದು ಸುಲಭ, ಉರಿಯುವಾಗ ಬರಿಗಣ್ಣಿನಿಂದ ನೋಡಬೇಡಿ.

ಕೊನೆಯದು ಬನ್ಸಿಗೆ ಹಾಕುವ ಸೋಡಾ, ಎನ್‌ಎ-ಎಚ್-ಸಿ-ಓ₃. ಬರೀ ಕಾವಿಗೆ ಅದು ಹೀಗೆ ಒಡೆಯುತ್ತದೆ:

2ಎನ್‌ಎ-ಎಚ್-ಸಿ-ಓ₃ → ಎನ್‌ಎ₂-ಸಿ-ಓ₃ + ಎಚ್₂-ಓ + ಸಿ-ಓ₂

ಹುಳಿ ಮೊಸರು ಸೇರಿದರೆ, ಮೊಸರಿನ ಲ್ಯಾಕ್ಟಿಕ್ ಆಮ್ಲ ಸಿ₃-ಎಚ್₆-ಓ₃ ಜೊತೆ ಹೀಗೆ:

ಎನ್‌ಎ-ಎಚ್-ಸಿ-ಓ₃ + ಸಿ₃-ಎಚ್₆-ಓ₃ → ಎನ್‌ಎ-ಸಿ₃-ಎಚ್₅-ಓ₃ + ಎಚ್₂-ಓ + ಸಿ-ಓ₂

ಎರಡೂ ಸರಿದೂಗಿವೆ, ಎಣಿಸಿಕೊಳ್ಳಿ. ಈಗ ಓದಿ. ಮೊದಲನೆಯದರಲ್ಲಿ ಎರಡು ಸೋಡಾಕ್ಕೆ ಒಂದು ಕಾರ್ಬನ್ ಡೈಆಕ್ಸೈಡ್, ಎರಡನೆಯದರಲ್ಲಿ ಒಂದಕ್ಕೇ ಒಂದು. ಹಾಗಾಗಿ ಮೊಸರು ಹುಳಿಯಾಗಿದ್ದರೆ ಅರ್ಧ ಸೋಡಾದಲ್ಲೇ ಬನ್ಸ್ ಅಷ್ಟೇ ಉಬ್ಬಬೇಕು. ಮೊದಲನೆಯದರಲ್ಲಿ ಉಳಿಯುವ ಎನ್‌ಎ₂-ಸಿ-ಓ₃ ಅಂದರೆ ವಾಷಿಂಗ್ ಸೋಡಾ, ಹುಳಿ ಸಾಲದ ಹಿಟ್ಟಿಗೆ ಸೋಡಾ ಜಾಸ್ತಿ ಬಿದ್ದಾಗ ನಾಲಗೆಗೆ ಸಾಬೂನಿನ ಹಾಗೆ ಹತ್ತುವುದು ಅದೇ.